ಎಂಟರ್‌ಪ್ರೈಸ್ ಆರ್ಕಿಟೆಕ್ಚರ್‌ನ ತಾಯಿಬೇರು ಸಂಘಟನಾ ವಿನ್ಯಾಸದಲ್ಲಿದೆಯೇ?

ತುಂಗಾತೀರ

ಬಹಳ ದಿನಗಳಿಂದ ಇದನ್ನು ಇಲ್ಲಿ ಚರ್ಚೆಗೆ ಇಡಬೇಕೆಂದಿದ್ದೆ. ನಾನು ವಿಮಾ ಕ್ಷೇತ್ರದಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಟ್, ಅಂದರೆ ಸಂಸ್ಥೆಯ ಕೆಲಸ, ದತ್ತಾಂಶ, ತಂತ್ರಾಂಶಗಳು ಒಂದಕ್ಕೊಂದು ಹೇಗೆ ಹೊಂದಬೇಕೆಂದು ರೂಪಿಸುವವನು. ನಮ್ಮ ತಂಡಕ್ಕೆ ಬರುವ ಕಿರಿಯರು ಟೋಗಾಫ್ ಎಂಬ ಆರ್ಕಿಟೆಕ್ಚರ್ ಚೌಕಟ್ಟಿನ ಪ್ರಮಾಣಪತ್ರ ಹಿಡಿದೇ ಬರುತ್ತಾರೆ. ವ್ಯವಹಾರ, ದತ್ತಾಂಶ, ಅಪ್ಲಿಕೇಶನ್, ತಂತ್ರಜ್ಞಾನ ಎಂಬ ನಾಲ್ಕು ಪದರಗಳನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ‘ಕ್ಲೇಮು ವಿಭಾಗಕ್ಕೂ ಪಾಲಿಸಿ ವಿಭಾಗಕ್ಕೂ ಒಂದೇ ಗ್ರಾಹಕ ದಾಖಲೆ ಇರಬೇಕೇ, ಬೇರೆ ಬೇರೆ ಇದ್ದರೂ ನಡೆಯುತ್ತದೆಯೇ? ಯಾವ ಆಧಾರದ ಮೇಲೆ ಹೇಳುತ್ತೀರಿ?’ ಎಂದು ಕೇಳಿದರೆ ಉತ್ತರವಿಲ್ಲ. ತಪ್ಪು ಅವರದಲ್ಲ. ಅವರಿಗೆ ಕಲಿಸಿದ ಪಠ್ಯದಲ್ಲಿ ಆ ಪ್ರಶ್ನೆಯೇ ಇಲ್ಲ.

ಈ ಕ್ಷೇತ್ರದ ಕಥೆಯನ್ನು 1987ರಿಂದ ಆರಂಭಿಸುವುದು ವಾಡಿಕೆ. ಐಬಿಎಂನಲ್ಲಿದ್ದ ಜಾನ್ ಝ್ಯಾಕ್‌ಮನ್ ಆ ವರ್ಷ ಕಂಪನಿಯ ಪತ್ರಿಕೆಯಲ್ಲಿ ಮಾಹಿತಿ ವ್ಯವಸ್ಥೆಗಳಿಗೊಂದು ಚೌಕಟ್ಟನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು ಮೂರೇ ಕಾಲಂ: ದತ್ತಾಂಶ, ಕಾರ್ಯ, ಜಾಲ. ಯಾರು, ಯಾವಾಗ, ಏಕೆ ಎಂಬ ಇನ್ನು ಮೂರು ಸೇರಿದ್ದು 1992ರಲ್ಲಿ, ಜಾನ್ ಸೋವಾ ಜೊತೆಗೂಡಿ ಬರೆದ ಲೇಖನದಲ್ಲಿ. ‘ಯಾರು’ ಎಂಬ ಪ್ರಶ್ನೆ ಕೋಷ್ಟಕದೊಳಗೆ ಬರಲು ಐದು ವರ್ಷ ಹಿಡಿಯಿತು. ಟೋಗಾಫ್ ಬಂದದ್ದು 1995ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆ ಸಿದ್ಧಪಡಿಸಿದ್ದ ಒಂದು ತಾಂತ್ರಿಕ ಚೌಕಟ್ಟಿನ ತಳಹದಿಯ ಮೇಲೆ. ಮೊದಲನೆಯದು ವಿಂಗಡಣೆ, ಎರಡನೆಯದು ಕಾರ್ಯವಿಧಾನ. ಎರಡಕ್ಕೂ ಬೆಲೆಯಿದೆ, ಆದರೆ ಎರಡನ್ನೂ ಸಿದ್ಧಾಂತವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಿದ್ಧಾಂತವಾಗಿದ್ದರೆ, ಇಂಥ ಸಂಸ್ಥೆಗೆ ಇಂಥ ರಚನೆ ಏಕೆ ಒಗ್ಗುತ್ತದೆ, ಏಕೆ ಒಗ್ಗುವುದಿಲ್ಲ ಎಂದು ಅದು ಹೇಳಬೇಕಿತ್ತು.

ಅದನ್ನು ಹೇಳುವ ಸಿದ್ಧಾಂತ ಅಷ್ಟು ಹೊತ್ತಿಗೆ ಸಿದ್ಧವಾಗಿಯೇ ಇತ್ತು. ಸಂಸ್ಥೆಗಳ ರಚನೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್, ಜೇಮ್ಸ್ ಥಾಂಪ್ಸನ್, ಲಾರೆನ್ಸ್ ಮತ್ತು ಲಾರ್ಶ್, ಜೇ ಗಾಲ್‌ಬ್ರೈತ್ ಇವರೆಲ್ಲ 1940ರ ದಶಕದಿಂದ 70ರ ದಶಕದೊಳಗೆ ಬರೆದಿಟ್ಟಿದ್ದರು. ನನ್ನ ವಾದ ಇಷ್ಟೇ: ಸಿಸ್ಟಮ್‌ಗಳ ನಡುವೆ ನಾವು ಎಳೆಯುವ ಪ್ರತಿಯೊಂದು ಗೆರೆಯೂ ಯಾರು ಯಾರಿಗಾಗಿ ಕಾಯಬೇಕು, ಯಾರ ಮಾತು ಕೊನೆಯದು ಎಂಬ ತೀರ್ಮಾನ. ಅದು ಸಂಘಟನಾ ವಿನ್ಯಾಸದ, ಅಂದರೆ ಸಂಸ್ಥೆಯೊಳಗೆ ಕೆಲಸ ಮತ್ತು ಅಧಿಕಾರವನ್ನು ಹಂಚುವ ಶಾಸ್ತ್ರದ ಕೆಲಸ. ಆ ಓದಿಲ್ಲದೆ ಈ ಕಸುಬು ಮಾಡುವುದು ಅಪಾಯ. ಬಲ್ಲವರು ತಿದ್ದಿ, ಬೆಳೆಸಿ.

ಲೇವಾದೇವಿ

ನಾನು ಬ್ಯಾಂಕಿನ ಐಟಿ ವಿಭಾಗದವನು. ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೂ ಸ್ವಲ್ಪ ತಕರಾರಿದೆ. ಟೋಗಾಫ್ ಒಣ ಕಾರ್ಯವಿಧಾನವೇ ಇರಬಹುದು, ಅದು ನೂರಾರು ಜನರನ್ನು ಒಂದೇ ಭಾಷೆಯಲ್ಲಿ ಮಾತನಾಡಿಸುತ್ತದೆ. ಒಂದು ಅಪ್ಲಿಕೇಶನ್ ನಿಲ್ಲಿಸಿದರೆ ಯಾವ ಶಾಖೆಯ ಯಾವ ಕೆಲಸ ನಿಲ್ಲುತ್ತದೆ ಎಂದು ಹೇಳಬಲ್ಲ ಪಟ್ಟಿಯೊಂದು ಇದ್ದರೆ ಸಾಕು, ನಮ್ಮ ಅರ್ಧ ಸಂಕಟ ಮುಗಿಯುತ್ತದೆ. ಅದಕ್ಕೆ ಸೈಮನ್ ಬೇಕಿಲ್ಲ.

ಸಿದ್ಧಾಂತದಿಂದ ಬದಲಾಗುವ ಒಂದು ನಿರ್ಧಾರವನ್ನು ತೋರಿಸಿ. ಒಂದೇ ಒಂದು. ಬ್ಯಾಂಕಿನದೇ ಆಗಿರಲಿ.

ತುಂಗಾತೀರ

ನ್ಯಾಯವಾದ ಪ್ರಶ್ನೆ. ಬ್ಯಾಂಕನ್ನೇ ತೆಗೆದುಕೊಳ್ಳೋಣ.

ಥಾಂಪ್ಸನ್ 1967ರಲ್ಲಿ ಸಂಸ್ಥೆಯೊಳಗಿನ ಅವಲಂಬನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಘಟಕಗಳು ಒಂದಕ್ಕೊಂದು ನೇರವಾಗಿ ಏನನ್ನೂ ಕೊಡುವುದಿಲ್ಲ, ಒಂದು ಸಾಮಾನ್ಯ ನಿಧಿಯನ್ನು ಹಂಚಿಕೊಳ್ಳುತ್ತವೆ ಅಷ್ಟೆ. ನಿಮ್ಮ ಹಾಸನದ ಶಾಖೆಗೂ ಬೀದರಿನ ಶಾಖೆಗೂ ಇರುವ ಸಂಬಂಧ ಇಂಥದ್ದು. ಎರಡನೆಯದು ಸರಣಿ: ಒಬ್ಬರ ಕೆಲಸ ಮುಗಿದ ಮೇಲೆಯೇ ಇನ್ನೊಬ್ಬರದು. ಚೆಕ್ ಸ್ವೀಕಾರ, ಕ್ಲಿಯರಿಂಗ್, ಜಮೆ ಹೀಗೆ. ಮೂರನೆಯದು ಪರಸ್ಪರ: ಕೆಲಸ ಹೋಗುತ್ತದೆ, ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ದೊಡ್ಡ ಸಾಲದ ಅರ್ಜಿಯೊಂದನ್ನು ನೋಡಿ. ಕಾನೂನು ಅಧಿಕಾರಿ ಹಕ್ಕುಪತ್ರದಲ್ಲಿ ದೋಷ ತೋರಿಸಿದರೆ ಅಡಮಾನದ ಮೌಲ್ಯ ಬದಲಾಗುತ್ತದೆ. ಮೌಲ್ಯ ಬದಲಾದರೆ ಸಾಲದ ಮೊತ್ತ. ಮೊತ್ತ ಬದಲಾದರೆ ಮಂಜೂರು ಮಾಡುವ ಅಧಿಕಾರಿಯೇ ಬದಲಾಗಬಹುದು.

ಥಾಂಪ್ಸನ್ ಅವರ ಮುಖ್ಯ ಮಾತು ಇದರ ಮುಂದಿನದು. ಒಂದೊಂದು ಅವಲಂಬನೆಗೂ ಒಂದೊಂದು ಬಗೆಯ ಸಮನ್ವಯ ಒಗ್ಗುತ್ತದೆ. ಮೊದಲನೆಯದಕ್ಕೆ ಏಕರೂಪದ ನಿಯಮ ಸಾಕು. ಎರಡನೆಯದಕ್ಕೆ ವೇಳಾಪಟ್ಟಿ, ಯೋಜನೆ ಬೇಕು. ಮೂರನೆಯದಕ್ಕೆ ಜನ ಪರಸ್ಪರ ಮಾತನಾಡಿ ಹೊಂದಿಸಿಕೊಳ್ಳುವುದೊಂದೇ ದಾರಿ, ಅದೇ ಎಲ್ಲಕ್ಕಿಂತ ದುಬಾರಿ. ಹಾಗಾಗಿ ಪರಸ್ಪರ ಅವಲಂಬಿಸುವವರನ್ನು ಸಾಧ್ಯವಾದಷ್ಟೂ ಒಂದೇ ಸಣ್ಣ ಘಟಕದೊಳಗೆ ಇಡಬೇಕು.

ಈಗ ನಿರ್ಧಾರಕ್ಕೆ ಬರೋಣ. ಸಾಲದ ಅರ್ಜಿಗೆ ಎಷ್ಟೋ ಕಡೆ ಸರಣಿಯ ವ್ಯವಸ್ಥೆ ಕಟ್ಟಿರುತ್ತಾರೆ: ಕಾನೂನು ವಿಭಾಗಕ್ಕೊಂದು ಸಿಸ್ಟಮ್, ಮೌಲ್ಯಮಾಪನಕ್ಕೊಂದು, ನಡುವೆ ಸಂದೇಶಗಳ ಸರತಿ. ಚಿತ್ರದಲ್ಲಿ ಬಾಣಗಳು ಬಲಕ್ಕೆ ಮಾತ್ರ ಸಾಗುತ್ತವೆ. ನಿಜದ ಕೆಲಸ ಹಿಂದಕ್ಕೂ ಹರಿಯುವುದರಿಂದ ಪ್ರತಿ ಅರ್ಜಿಯೂ ‘ವಾಪಸ್’ ಎಂಬ ಸ್ಥಿತಿಯಲ್ಲಿ ಸುತ್ತುತ್ತಲೇ ಇರುತ್ತದೆ, ನಿಜವಾದ ಮಾತುಕತೆ ಫೋನಿನಲ್ಲಿ ಮುಗಿದುಹೋಗುತ್ತದೆ, ದಾಖಲೆಯಲ್ಲಿ ಅದರ ಸುಳಿವೂ ಉಳಿಯುವುದಿಲ್ಲ. ಥಾಂಪ್ಸನ್ ಓದಿದವರು ಅಲ್ಲಿ ಕಾನೂನು, ಮೌಲ್ಯಮಾಪನ, ಮಂಜೂರಾತಿಯ ಮೂವರೂ ಏಕಕಾಲಕ್ಕೆ ತೆರೆದು ನೋಡುವ ಒಂದೇ ಕಡತವನ್ನು ಕಟ್ಟುತ್ತಾರೆ, ಚೆಕ್ಕಿಗೆ ಸರತಿಯನ್ನೇ ಇಡುತ್ತಾರೆ, ಶಾಖೆಗಳಿಗೆ ಏಕರೂಪದ ನಿಯಮ ಕೊಟ್ಟು ಸುಮ್ಮನಾಗುತ್ತಾರೆ. ಎಲ್ಲೆಡೆಗೂ ಒಂದೇ ಬಗೆಯ ಸಂಪರ್ಕ ಎಂಬ ಹಟ ಅಲ್ಲಿಗೆ ಮುಗಿಯುತ್ತದೆ.

ಕೋಡುಬಳಗ

ಇದಕ್ಕೆ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ ಅವರನ್ನು ಸೇರಿಸಲೇಬೇಕು. ಸಂಸ್ಥೆಯೊಂದು ರೂಪಿಸುವ ವ್ಯವಸ್ಥೆಯ ರಚನೆ ಆ ಸಂಸ್ಥೆಯ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದವರು ಅವರು. 1967ರಲ್ಲಿ ಲೇಖನವನ್ನು ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಕಳಿಸಿದರು. ವಾದಕ್ಕೆ ಪುರಾವೆ ಸಾಲದೆಂದು ಅದು ಮರಳಿ ಬಂತು. 1968ರ ಏಪ್ರಿಲ್‌ನಲ್ಲಿ ಡೇಟಾಮೇಷನ್ ಪತ್ರಿಕೆ ಪ್ರಕಟಿಸಿತು.

ಅದರಲ್ಲಿರುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಒಂದು ಸಂಸ್ಥೆ ಎಂಟು ಜನರನ್ನು ಎರಡು ಕಂಪೈಲರ್‌ಗಳ, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಗಳ, ಕೆಲಸಕ್ಕೆ ಹಾಕಿತು. ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಐವರು, ಆಲ್ಗಾಲ್ ಎಂಬುದಕ್ಕೆ ಮೂವರು. ಕೊನೆಗೆ ಕೋಬಾಲ್ ಕಂಪೈಲರ್ ಐದು ಹಂತಗಳಲ್ಲಿ ಓಡಿತು, ಆಲ್ಗಾಲ್ ಮೂರು ಹಂತಗಳಲ್ಲಿ. ಭಾಷೆಯ ಸ್ವಭಾವಕ್ಕೂ ಹಂತಗಳ ಸಂಖ್ಯೆಗೂ ಸಂಬಂಧವಿರಲಿಲ್ಲ, ತಲೆ ಎಣಿಕೆಗೆ ಇತ್ತು.

ಪುರಾವೆ ಸಾಲದೆಂದು ಮರಳಿ ಬಂದ ಆ ಮಾತನ್ನು ಮುಂದೆ ಹಾರ್ವರ್ಡ್‌ನವರೇ ಪರೀಕ್ಷಿಸಿದರು. ಕಾರ್ಲಿಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಒಂದೇ ಬಗೆಯ ಕೆಲಸ ಮಾಡುವ ತಂತ್ರಾಂಶಗಳನ್ನು ಜೋಡಿಜೋಡಿಯಾಗಿ ಹೋಲಿಸಿದರು: ಒಂದು ಕಂಪನಿಯ ಗೋಡೆಯೊಳಗೆ ಬರೆದದ್ದು, ಇನ್ನೊಂದು ಚದುರಿಹೋದ ಸ್ವಯಂಸೇವಕರು ಮುಕ್ತವಾಗಿ ಬರೆದದ್ದು. ಚದುರಿದ ಗುಂಪು ಬರೆದ ಕೋಡ್ ಹೆಚ್ಚು ಬಿಡಿಬಿಡಿಯಾಗಿತ್ತು. ಪಕ್ಕದ ಮೇಜಿನವರನ್ನು ಕೇಳಿ ತಿಳಿಯುವ ಅವಕಾಶ ಇಲ್ಲದಿದ್ದಾಗ ಕೋಡಿನ ಗಡಿಗಳೇ ಸ್ಪಷ್ಟವಾಗಬೇಕಾಗುತ್ತದೆ.

ಹಾಗಾಗಿ ಬೇಕಾದ ಆರ್ಕಿಟೆಕ್ಚರ್‌ಗೆ ತಕ್ಕಂತೆ ಮೊದಲು ತಂಡಗಳನ್ನು ಜೋಡಿಸಿ ಎಂದು ಈಗ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ತಂಡಗಳನ್ನು ಜೋಡಿಸುವ ಅಧಿಕಾರ ಆರ್ಕಿಟೆಕ್ಟ್‌ಗೆ ಎಲ್ಲಿದೆ?

ಗ್ರಾಮಲೆಕ್ಕ

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಂಪ್ಯೂಟರ್ ವಿಜ್ಞಾನ ಓದಿದವನಲ್ಲ. ಈ ಎಳೆಯನ್ನು ಮಗಳು ತೋರಿಸಿದಳು. ನೀವೆಲ್ಲ ಹೇಳುತ್ತಿರುವುದು ನಮ್ಮ ರಾಜ್ಯದ ಜಮೀನು ದಾಖಲೆಗಳಲ್ಲಿ ಕಣ್ಣಿಗೆ ಕಾಣುವ ಹಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಪಹಣಿ ಮೊದಲು ಗ್ರಾಮ ಲೆಕ್ಕಾಧಿಕಾರಿಯ ಕೈಬರಹದಲ್ಲಿತ್ತು. ಆಗ ರಾಜ್ಯದಲ್ಲಿ ಅಂಥವರು ಸುಮಾರು ಒಂಬತ್ತು ಸಾವಿರ ಇದ್ದರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ಎಲ್ಲರೂ ಹೊಗಳಿದ್ದು ಈ ಕಿಟಕಿಯನ್ನು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಎರಡು. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ, ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟು ತಂತ್ರಾಂಶದೊಳಗೇ ಬಂತು. ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಯಾವ ಅರ್ಜಿಯನ್ನು ಮೊದಲು ನೋಡಬೇಕೆಂಬ ವಿವೇಚನೆ ಅಧಿಕಾರಿಯ ಕೈಯಿಂದ ಹೋಯಿತು. ಇದು ಆಡಳಿತದ ಮರುರಚನೆ, ತಂತ್ರಾಂಶದ ಹೆಸರಿನಲ್ಲಿ ಆದದ್ದು.

ಈಗ ಮುಂದಿನ ಭಾಗ. ಜಮೀನು ಮಾರಾಟ ನೋಂದಣಿಯಾಗುವುದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಅಲ್ಲಿಯ ತಂತ್ರಾಂಶ ‘ಕಾವೇರಿ’. ಅಳತೆ, ನಕ್ಷೆ, ಪೋಡಿ (ಸರ್ವೆ ನಂಬರನ್ನು ಭಾಗ ಮಾಡುವುದು) ಇವು ಭೂಮಾಪನ ಇಲಾಖೆಯವು, ಅಲ್ಲಿಯ ತಂತ್ರಾಂಶ ‘ಮೋಜಿಣಿ’. ಮೂರೂ ಕಂದಾಯ ಸಚಿವರ ಕೆಳಗೇ ಬರುತ್ತವೆ. ಆದರೂ ಮೂರು ಬೇರೆ ಲೋಕಗಳು, ಕಾರಣ ಮೂರೂ ಎಣಿಸುವ ವಸ್ತುವೇ ಬೇರೆ. ಕಾವೇರಿಗೆ ಮುಖ್ಯವಾದದ್ದು ದಸ್ತಾವೇಜು. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ. ಮಾಲೀಕತ್ವಕ್ಕೆ ಸರ್ಕಾರ ಅಲ್ಲಿ ಖಾತರಿ ಕೊಡುವುದಿಲ್ಲ. ಭೂಮಿಗೆ ಮುಖ್ಯವಾದದ್ದು ಸರ್ವೆ ನಂಬರು, ಹಿಸ್ಸಾ, ಅದರ ಎದುರಿನ ಹೆಸರು, ವಿಸ್ತೀರ್ಣ. ಮೋಜಿಣಿಗೆ ಮುಖ್ಯವಾದದ್ದು ನೆಲದ ಮೇಲಿನ ಗಡಿ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಸರ್ವೆ ನಂಬರಿನಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಇದೆ ಎನ್ನಿ. ಪಹಣಿಯಲ್ಲಿ ಮೂವರ ವಿಸ್ತೀರ್ಣ ಕೂಡಿದರೆ 4 ಎಕರೆ 6 ಗುಂಟೆ. ಭೂಮಾಪನ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ತೆಗೆದು ನೋಡಿದರೆ ಅದೇ ನಂಬರಿಗೆ 4 ಎಕರೆ. ಆರು ಗುಂಟೆ ಎಲ್ಲಿಂದ ಬಂತು? ಹಳೆಯ ಕ್ರಯಪತ್ರಗಳಲ್ಲಿ ಬಾಯಿಮಾತಿನ ಅಳತೆ ಬರೆದಿದ್ದಾರೆ, ಪತ್ರ ನೋಂದಣಿಯಾಗಿದೆ, ಅದರಂತೆ ಪಹಣಿ ತಿದ್ದಿದ್ದಾರೆ, ನೆಲವನ್ನು ಯಾರೂ ಅಳೆದಿಲ್ಲ. ಮೂರು ಇಲಾಖೆಗಳೂ ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ಕೆಲಸ ಮಾಡಿವೆ. ತಪ್ಪು ಹುಟ್ಟಿದ್ದು ಅವುಗಳ ನಡುವೆ.

ಅದಕ್ಕೇ ಕಾಲಕ್ರಮದಲ್ಲಿ ಕೊಂಡಿಗಳು ಬಂದವು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ, ಆ ಭಾಗವನ್ನು ಅಳೆದು ಮಾಡಿದ 11ಇ ನಕ್ಷೆ ಇಲ್ಲದೆ ನೋಂದಣಿ ಮಾಡುವಂತಿಲ್ಲ, ಅಂದರೆ ಭೂಮಾಪಕ ಮೊದಲು, ಪತ್ರ ಆಮೇಲೆ. ಕೃಷಿ ಜಮೀನಿನ ನೋಂದಣಿಯ ಹೊತ್ತಿಗೆ ಕಾವೇರಿ ಪಹಣಿಯ ವಿವರವನ್ನು ಭೂಮಿಯಿಂದಲೇ ಪಡೆಯುತ್ತದೆ. ನೋಂದಣಿ ಮುಗಿದ ಮೇಲೆ ಹಿಂದೆ ಕಾಗದದಲ್ಲಿ ಹೋಗುತ್ತಿದ್ದ ಜೆ ಸ್ಲಿಪ್ ಎಂಬ ಮಾಹಿತಿ ಚೀಟಿ ಈಗ ಕಂಪ್ಯೂಟರಿನಲ್ಲೇ ಭೂಮಿಗೆ ಹೋಗಿ ಮ್ಯುಟೇಶನ್ ಆರಂಭವಾಗುತ್ತದೆ. ತುಂಗಾತೀರ ಅವರ ಮಾತಿನಲ್ಲಿ ಹೇಳುವುದಾದರೆ, ಪರಸ್ಪರ ಅವಲಂಬನೆಯಾಗಿದ್ದನ್ನು ಕಾನೂನಿನ ಬಲದಿಂದ ಸರಣಿಯಾಗಿ ಮಾಡಿದ್ದಾರೆ.

ಕೋಡುಬಳಗ ಅವರು ಅಧಿಕಾರ ಎಲ್ಲಿದೆ ಎಂದು ಕೇಳಿದರಲ್ಲ, ಇಲ್ಲಿ ಅದು ಸರ್ಕಾರದ ಆದೇಶದಲ್ಲಿತ್ತು. ಆದೇಶವಿಲ್ಲದೆ ಕೊಂಡಿ ಕೂಡಿಸಿದ್ದರೆ ಯಾವ ಉಪನೋಂದಣಾಧಿಕಾರಿಯೂ ಪತ್ರವನ್ನು ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸುವ ಹಕ್ಕೇ ಅವರಿಗಿಲ್ಲ.

ಲೇವಾದೇವಿ

ಗ್ರಾಮಲೆಕ್ಕ ಅವರಿಗೆ ಕೈಮುಗಿಯುತ್ತೇನೆ. ಈ ಎಳೆಯಲ್ಲಿ ಇದುವರೆಗಿನ ಅತ್ಯುತ್ತಮ ಬರಹ ಇದು.

ಆದರೆ ಸಹಜವಾಗಿ ಏಳುವ ಪ್ರಶ್ನೆ: ಮೂರನ್ನೂ ಸೇರಿಸಿ ಒಂದೇ ಡೇಟಾಬೇಸ್ ಏಕೆ ಮಾಡಬಾರದು? ಒಂದು ಜಮೀನು, ಒಂದು ದಾಖಲೆ.

ಗ್ರಾಮಲೆಕ್ಕ

ನೋಡುವ ಕಿಟಕಿ ಒಂದಾಗಲಿ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಬರೆಯುವ ಕೈ ಒಂದಾಗಬಾರದು. ಪತ್ರ ನೋಂದಾಯಿಸುವವನೇ ಪಹಣಿಯನ್ನೂ ತಿದ್ದುವ ಹಾಗಾದರೆ ಒಬ್ಬನನ್ನು ಒಲಿಸಿಕೊಂಡರೆ ಸಾಕು, ಜಮೀನು ಕೈ ಬದಲಾಗಿಬಿಡುತ್ತದೆ. ಮ್ಯುಟೇಶನ್‌ಗೆ ಮುನ್ನ ಆಕ್ಷೇಪಣೆಗೆಂದು ಕಾನೂನು ಕೊಟ್ಟ ಕಾಲಾವಕಾಶ ಹಳ್ಳಿಯ ವಿಧವೆಗೆ, ಹೊರಗೆ ದುಡಿಯಲು ಹೋದ ತಮ್ಮನಿಗೆ ಇರುವ ಕೊನೆಯ ರಕ್ಷಣೆ. ಅದನ್ನು ‘ವಿಳಂಬ’ ಎಂದು ಚಿತ್ರದಲ್ಲಿ ಕೆಂಪು ಬಣ್ಣ ಬಳಿದವರನ್ನು ನಾನು ನೋಡಿದ್ದೇನೆ. ಅದು ವಿಳಂಬವಲ್ಲ.

ಡೆಲ್ಫ್ಟ್‌ಕನ್ನಡಿಗ

ಇದೇ ಲಾರೆನ್ಸ್ ಮತ್ತು ಲಾರ್ಶ್ ಅವರ 1967ರ ಅಧ್ಯಯನದ ತಿರುಳು. ಪ್ಲಾಸ್ಟಿಕ್, ಆಹಾರ, ಡಬ್ಬಿ ತಯಾರಿಕೆ ಎಂಬ ಮೂರು ಉದ್ಯಮಗಳ ಸಂಸ್ಥೆಗಳನ್ನು ಅವರು ನೋಡಿದರು. ಪರಿಸರ ಅನಿಶ್ಚಿತವಾಗಿದ್ದ ಕಡೆ ಯಶಸ್ವಿ ಸಂಸ್ಥೆಗಳ ವಿಭಾಗಗಳು ಒಂದರಿಂದ ಒಂದು ಬಹಳ ಭಿನ್ನವಾಗಿದ್ದವು: ಸಂಶೋಧನೆಯವರ ಕಾಲದ ಅಳತೆ ಬೇರೆ, ಮಾರಾಟದವರದು ಬೇರೆ. ಜೊತೆಗೆ ಅವನ್ನು ಬೆಸೆಯುವ ವ್ಯವಸ್ಥೆಯೂ ಅಷ್ಟೇ ಬಲವಾಗಿತ್ತು. ಭಿನ್ನತೆಯನ್ನು ಅಳಿಸಿ ಏಕತೆ ತಂದವರು ಗೆಲ್ಲಲಿಲ್ಲ. ನಮ್ಮ ಕಸುಬಿನವರು ‘ಸೈಲೋ’ (ಇತರರಿಂದ ಗೋಡೆ ಹಾಕಿಕೊಂಡ ವಿಭಾಗ) ಎಂದು ಕಂಡಲ್ಲೆಲ್ಲ ಒಡೆಯಲು ಹೊರಡುತ್ತೇವೆ. ಒಡೆಯುವ ಮುನ್ನ ಆ ಗೋಡೆಯನ್ನು ಯಾವ ಕಾರಣಕ್ಕೆ ಕಟ್ಟಿದ್ದರೆಂದು ಕೇಳುವ ಸೌಜನ್ಯ ಇರಬೇಕು.

ಸೈಮನ್ ಅವರನ್ನು ತುಂಗಾತೀರ ಹೆಸರಿಸಿ ಬಿಟ್ಟುಬಿಟ್ಟರು, ಅವರೇ ಇದಕ್ಕೆಲ್ಲ ಬುನಾದಿ. 1962ರ ಲೇಖನದಲ್ಲಿ ಇಬ್ಬರು ಗಡಿಯಾರ ತಯಾರಕರ ಕಥೆ ಬರುತ್ತದೆ. ಇಬ್ಬರ ಗಡಿಯಾರಕ್ಕೂ ಸುಮಾರು ಸಾವಿರ ಬಿಡಿಭಾಗ. ಒಬ್ಬ ಹತ್ತು ಹತ್ತು ಭಾಗಗಳ ಗುಂಪು ಕಟ್ಟಿ, ಗುಂಪುಗಳನ್ನು ಜೋಡಿಸುತ್ತಾನೆ. ಇನ್ನೊಬ್ಬ ಎಲ್ಲವನ್ನೂ ಒಟ್ಟಿಗೇ ಜೋಡಿಸುತ್ತಾನೆ, ಗ್ರಾಹಕರ ಫೋನ್ ಬಂದು ಕೈಬಿಟ್ಟರೆ ಅಷ್ಟೂ ಕಳಚಿ ಬೀಳುತ್ತದೆ. ಕಥೆಗಿಂತ ಮುಖ್ಯವಾದದ್ದು ಅದರಿಂದ ಅವರು ತೆಗೆಯುವ ತತ್ವ: ಬಾಳುವ ವ್ಯವಸ್ಥೆಗಳು ಪೂರ್ಣವಾಗಿ ಬಿಡಿಯೂ ಅಲ್ಲ, ಪೂರ್ಣವಾಗಿ ಬೆಸೆದವೂ ಅಲ್ಲ. ಗುಂಪಿನೊಳಗಿನ ಸಂಬಂಧ ಬಿಗಿ, ಗುಂಪುಗಳ ನಡುವಿನದು ಸಡಿಲ, ಆದರೆ ಶೂನ್ಯವಲ್ಲ. ಗ್ರಾಮಲೆಕ್ಕ ಅವರ ಆರು ಗುಂಟೆ ಆ ‘ಶೂನ್ಯವಲ್ಲ’ ಎಂಬಲ್ಲಿದೆ. ಮೂರು ಇಲಾಖೆಗಳ ನಡುವಿನ ಸಡಿಲ ಸಂಬಂಧವನ್ನು ಇಲ್ಲವೆಂದೇ ಭಾವಿಸಿದ್ದರಿಂದ ವರ್ಷಗಳ ಕಾಲ ತಪ್ಪು ಸದ್ದಿಲ್ಲದೆ ಕೂಡುತ್ತಾ ಬಂತು.

ಮಗ್ಗದಮನೆ

ನೀವೆಲ್ಲ ಅಮೆರಿಕದವರನ್ನೇ ಉಲ್ಲೇಖಿಸುತ್ತಿದ್ದೀರಿ. ಈ ವಿಚಾರದ ಬಹುಮುಖ್ಯ ಪ್ರಯೋಗವೊಂದು ನಡೆದದ್ದು ಅಹಮದಾಬಾದಿನ ಬಟ್ಟೆ ಗಿರಣಿಯಲ್ಲಿ. ಬಟ್ಟೆ ಉದ್ಯಮದ ಹಿನ್ನೆಲೆಯವಳಾದ್ದರಿಂದ ಇದನ್ನು ಹೇಳದಿರಲಾರೆ.

ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದರು. ಹೊಸ ಯಂತ್ರ ಬಂದಾಗ ಸಣ್ಣ ತಂಡಗಳನ್ನು ಒಡೆದು ಪಾಳಿಗೊಂದು ಬಿಡಿಕೆಲಸ ಹಂಚಿದ್ದರಿಂದ ಯಂತ್ರದ ಲಾಭವೇ ಕೈಗೆ ಸಿಗಲಿಲ್ಲ ಎಂಬುದು ಅವರ ಗಮನಿಕೆ. ತಾಂತ್ರಿಕ ವ್ಯವಸ್ಥೆ ಮತ್ತು ಸಾಮಾಜಿಕ ವ್ಯವಸ್ಥೆ ಎರಡನ್ನೂ ಕೂಡಿಸಿಯೇ ವಿನ್ಯಾಸ ಮಾಡಬೇಕು ಎಂಬ ವಿಚಾರ ಅಲ್ಲಿಂದ ಬೆಳೆಯಿತು.

ಅದೇ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಸ್‌ಗೆ ಬಂದರು. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರೂ ಉತ್ಪಾದನೆ ನಿರೀಕ್ಷೆಯಷ್ಟು ಏರಿರಲಿಲ್ಲ, ಬಟ್ಟೆಯ ದೋಷ ತಗ್ಗಿರಲಿಲ್ಲ. ಶೆಡ್ಡಿನೊಳಗೆ ಕೆಲಸ ಹೇಗೆ ಹಂಚಿದ್ದರೆಂದರೆ, ನೇಯುವವನು ಬೇರೆ, ಮಗ್ಗದ ‘ಬ್ಯಾಟರಿ’ ಎಂಬ ಭಾಗಕ್ಕೆ ನೂಲಿನ ಉರುಳೆ ತುಂಬುವವನು ಬೇರೆ, ಹರಿದ ಎಳೆಗಳನ್ನು ಸರಿಪಡಿಸುವವನು ಬೇರೆ, ಎಣ್ಣೆ ಹಾಕುವವನು, ಗುಡಿಸುವವನು, ಬಟ್ಟೆ ಸಾಗಿಸುವವನು ಎಲ್ಲರೂ ಬೇರೆ ಬೇರೆ. ಒಬ್ಬೊಬ್ಬರಿಗೂ ಹಂಚಿದ ಮಗ್ಗಗಳ ಸಂಖ್ಯೆಯೂ ಬೇರೆ. ಹಾಗಾಗಿ ಯಾವ ಮಗ್ಗಕ್ಕೂ ಒಂದು ತಂಡವೆಂಬುದೇ ಇರಲಿಲ್ಲ. ಒಂದು ಮಗ್ಗ ನಿಂತರೆ ಅದಕ್ಕೆ ಬೇಕಾದ ನಾಲ್ವರು ನಾಲ್ಕು ದಿಕ್ಕಿನಲ್ಲಿ.

ಒಂದಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂಬ ವಿಚಾರವನ್ನು ರೈಸ್ ಮುಂದಿಟ್ಟರು. ಕಾರ್ಮಿಕರೂ ಮೇಲ್ವಿಚಾರಕರೂ ಅದನ್ನು ತಾವೇ ಎತ್ತಿಕೊಂಡು ಗುಂಪುಗಳನ್ನು ರಚಿಸಿಕೊಂಡರು. ಆರಂಭದ ಏರುಪೇರು ಕಳೆದ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಯಂತ್ರ ಅದೇ, ಜನರೂ ಅವರೇ. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಆ ಗುಂಪು ಪದ್ಧತಿ ಇನ್ನೂ ಜೀವಂತವಾಗಿತ್ತು, ಬೇರೆ ಕಡೆ ಸವೆದುಹೋಗಿತ್ತು.

ಕೋಡುಬಳಗ ಅವರೇ, ಈಗ ತಂತ್ರಾಂಶದವರು ‘ಒಂದು ಸೇವೆಗೆ ಒಂದು ತಂಡ, ಆರಂಭದಿಂದ ಕೊನೆಯವರೆಗೆ ಅವರದೇ ಹೊಣೆ’ ಎನ್ನುತ್ತಾರಲ್ಲ, ಅದನ್ನು 1953ರಲ್ಲಿ ಅಹಮದಾಬಾದಿನ ನೇಕಾರರು ಮಾಡಿ ತೋರಿಸಿದ್ದರು. ಈ ಪ್ರಯೋಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕೋಡುಬಳಗ

ಇದು ನನಗೆ ಹೊಸದು. ಧನ್ಯವಾದ. ಒಬ್ಬೊಬ್ಬರಿಗೂ ಬೇರೆ ಸಂಖ್ಯೆಯ ಮಗ್ಗ ಎಂಬ ವಿವರ ಕಣ್ಣು ತೆರೆಸಿತು. ಒಂದೇ ಡೇಟಾಬೇಸ್ ತಂಡ, ಒಂದೇ ಪರೀಕ್ಷಾ ತಂಡ, ಒಂದೇ ಭದ್ರತಾ ತಂಡ ಎಂದು ಇಟ್ಟು ಎಲ್ಲರನ್ನೂ ಎಲ್ಲ ಯೋಜನೆಗಳಿಗೂ ಹಂಚುವ ಕಡೆ ನಡೆಯುವುದು ಅಕ್ಷರಶಃ ಇದೇ.

ಲೇವಾದೇವಿ

ನನ್ನ ಕ್ಷೇತ್ರದ ಒಂದು ಸಾರ್ವಜನಿಕ ಉದಾಹರಣೆ ಇಡುತ್ತೇನೆ. 2019ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಹತ್ತು ಸಾರ್ವಜನಿಕ ಬ್ಯಾಂಕುಗಳನ್ನು ನಾಲ್ಕಾಗಿಸುವ ಘೋಷಣೆ ಮಾಡಿತು. ಯಾವ ಬ್ಯಾಂಕಿನ ಜೊತೆ ಯಾವುದು ಎಂಬುದಕ್ಕೆ ಕೊಟ್ಟ ಸಮರ್ಥನೆಗಳಲ್ಲಿ ಒಂದು, ಎಲ್ಲ ಶಾಖೆಗಳ ಖಾತೆಗಳನ್ನು ನಡೆಸುವ ಕೋರ್ ಬ್ಯಾಂಕಿಂಗ್ ತಂತ್ರಾಂಶ ಒಂದೇ ಇರುವುದು. ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಬೆಂಗಳೂರಿನ ಕೆನರಾ ಬ್ಯಾಂಕಿನೊಳಗೆ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದ್ದು ಹೀಗೆ. ಜಾರಿಯಾದದ್ದು 2020ರ ಏಪ್ರಿಲ್ 1ರಂದು.

ಕೆನರಾ ಮತ್ತು ಸಿಂಡಿಕೇಟ್ ಎರಡರದ್ದೂ ಒಂದೇ ತಂತ್ರಾಂಶ. ಹಾಗಿದ್ದರೂ ಎಸ್‌ವೈಎನ್‌ಬಿ ಎಂದು ಆರಂಭವಾಗುವ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಿಂತದ್ದು 2021ರ ಜುಲೈ 1ರಿಂದ. ಹದಿನೈದು ತಿಂಗಳು. ಗ್ರಾಹಕರಿಗೆ ಕೊಟ್ಟ ಸೂತ್ರ ಸರಳವಾಗಿತ್ತು: ಆರಂಭದ ಅಕ್ಷರಗಳನ್ನು ಸಿಎನ್‌ಆರ್‌ಬಿ ಎಂದು ಬದಲಿಸಿ, ಕೊನೆಯ ಸಂಖ್ಯೆಗೆ 10,000 ಕೂಡಿಸಿ. ಎರಡು ಬ್ಯಾಂಕುಗಳ ಶಾಖೆಯ ಸಂಖ್ಯೆಗಳು ಒಂದರ ಮೇಲೊಂದು ಬೀಳದಂತೆ ಮಾಡಿದ ಅಚ್ಚುಕಟ್ಟಾದ ಕೆಲಸ ಅದು. ಆದರೆ ತಂತ್ರಾಂಶ ಒಂದೇ ಆದಮಾತ್ರಕ್ಕೆ ಸಾಲದ ಉತ್ಪನ್ನಗಳು, ಮಂಜೂರಾತಿಯ ಅಧಿಕಾರದ ಮಿತಿಗಳು ಒಂದೇ ಇರುವುದಿಲ್ಲ. ಯಾವುದೇ ಎರಡು ಬ್ಯಾಂಕು ಕೂಡುವಾಗ ಸಮಯ ನುಂಗುವುದು ಇವೇ.

ಈ ಕಾರಣಕ್ಕೆ ನನಗೆ ಹಿಡಿಸಿದ್ದು ಎಂಐಟಿಯ ಜೀನ್ ರಾಸ್ ಮತ್ತು ಪೀಟರ್ ವೈಲ್ 2006ರಲ್ಲಿ ಡೇವಿಡ್ ರಾಬರ್ಟ್‌ಸನ್ ಜೊತೆ ಮಂಡಿಸಿದ ವಿಂಗಡಣೆ. ಅವರು ಕೇಳುವುದು ಎರಡೇ ಪ್ರಶ್ನೆ: ಘಟಕಗಳ ಕೆಲಸದ ರೀತಿ ಎಷ್ಟು ಏಕರೂಪವಾಗಿರಬೇಕು? ದತ್ತಾಂಶವನ್ನು ಎಷ್ಟು ಹಂಚಿಕೊಳ್ಳಬೇಕು? ಈ ಎರಡನ್ನು ಆಡಳಿತ ಮಂಡಳಿ ತೀರ್ಮಾನಿಸದ ಹೊರತು ಆರ್ಕಿಟೆಕ್ಟ್ ಏನು ಚಿತ್ರಿಸಿದರೂ ವ್ಯರ್ಥ. ತುಂಗಾತೀರ, ನಿಮ್ಮ ಮಾತನ್ನು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಪಟ್ಟಿ ಬೇಡವೆಂದು ಮಾತ್ರ ಹೇಳಬೇಡಿ.

ತುಂಗಾತೀರ

ಪಟ್ಟಿ ಬೇಕು. ಪಟ್ಟಿಯೇ ಗುರಿಯಾಗಬಾರದು. ಅಮೆರಿಕದಲ್ಲಿ 1996ರ ಕ್ಲಿಂಗರ್–ಕೊಹೆನ್ ಕಾಯ್ದೆ ಪ್ರತಿ ಇಲಾಖೆಯ ಮುಖ್ಯ ಮಾಹಿತಿ ಅಧಿಕಾರಿಗೆ ಆರ್ಕಿಟೆಕ್ಚರ್ ರೂಪಿಸುವ ಕಾನೂನುಬದ್ಧ ಹೊಣೆ ಹೊರಿಸಿತು. ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಓ 2013ರಲ್ಲಿ ರಕ್ಷಣಾ ಇಲಾಖೆಯ ವ್ಯವಹಾರ ಆರ್ಕಿಟೆಕ್ಚರ್ ಬಗ್ಗೆ ವರದಿ ಕೊಟ್ಟಿತು: ಹತ್ತು ವರ್ಷಕ್ಕೂ ಹೆಚ್ಚು ಕಾಲ, ಕನಿಷ್ಠ 37.9 ಕೋಟಿ ಡಾಲರ್, ಆದರೂ ಹೂಡಿಕೆಗಳಿಗೆ ದಾರಿ ತೋರಿಸುವಲ್ಲಿ ಅದರ ಬಳಕೆ ಸೀಮಿತ. ಪಟ್ಟಿ ತಯಾರಿಸುವ ಹೊಣೆ ಕಾನೂನಿನಿಂದ ಬಂತು, ಸೇನೆಯ ಅಂಗಗಳ ನಡುವಿನ ನಿರ್ಧಾರದ ಹಕ್ಕು ಇದ್ದಲ್ಲೇ ಉಳಿಯಿತು ಎಂದು ನಾನು ಇದನ್ನು ಓದುತ್ತೇನೆ.

ಗಾಲ್‌ಬ್ರೈತ್ ಇಲ್ಲಿ ನೆರವಿಗೆ ಬರುತ್ತಾರೆ. ಅನಿಶ್ಚಿತತೆ ಹೆಚ್ಚಿದಷ್ಟೂ ನಿರ್ಧಾರಕ್ಕೆ ಬೇಕಾದ ಮಾಹಿತಿ ಹೆಚ್ಚುತ್ತದೆ, ಮೇಲಧಿಕಾರಿಗಳ ಸಾಲು ಅದರ ಭಾರಕ್ಕೆ ಕುಸಿಯುತ್ತದೆ ಎಂದರು 1974ರಲ್ಲಿ. ಆಗ ನಾಲ್ಕು ದಾರಿ. ಹೆಚ್ಚುವರಿ ಸಮಯ, ದಾಸ್ತಾನು ಇಟ್ಟುಕೊಂಡು ಒತ್ತಡ ತಗ್ಗಿಸಬಹುದು. ಸ್ವಯಂಪೂರ್ಣ ಘಟಕಗಳನ್ನು ಕಟ್ಟಬಹುದು. ಈ ಎರಡು ಮಾಹಿತಿಯ ಅಗತ್ಯವನ್ನೇ ಕಡಿಮೆ ಮಾಡುತ್ತವೆ. ಇಲ್ಲವೇ ಮೇಲಕ್ಕೆ ಮಾಹಿತಿ ಸಾಗಿಸುವ ವ್ಯವಸ್ಥೆಗೆ ಹಣ ಹೂಡಬಹುದು, ಅಥವಾ ಅಡ್ಡಡ್ಡಲಾಗಿ ವಿಭಾಗಗಳ ನಡುವೆ ನೇರ ಸಂಬಂಧ ಬೆಳೆಸಬಹುದು. ಏನನ್ನೂ ಆರಿಸದಿದ್ದರೆ ಮೊದಲನೆಯದು ತಾನಾಗಿಯೇ ಬರುತ್ತದೆ, ಕೆಲಸ ತಡವಾಗುತ್ತದೆ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಹೆಸರಿನಲ್ಲಿ ನಾವು ಮಾರುವುದೆಲ್ಲ ಮೂರನೆಯ ದಾರಿ. ಎರಡನೆಯದೂ ನಾಲ್ಕನೆಯದೂ ಅಗ್ಗವಾಗಿರುವ ಸಂದರ್ಭದಲ್ಲೂ ಅದನ್ನೇ ಮಾರುತ್ತೇವೆ.

ಕಿರಿಯ_ವಿಶ್ಲೇಷಕಿ

ತುಂಗಾತೀರ ಅವರು ಮೊದಲ ಬರಹದಲ್ಲಿ ಹೇಳಿದ ಪ್ರಮಾಣಪತ್ರದ ಕಿರಿಯರಲ್ಲಿ ನಾನೂ ಒಬ್ಬಳು. ಓದಬೇಕಾದದ್ದು ಬೆಟ್ಟದಷ್ಟಿದೆ, ಅದನ್ನು ಓದುತ್ತೇನೆ. ಮುಂದಿನ ವಾರ ಒಂದು ಆಸ್ಪತ್ರೆ ಸಮೂಹದ ಯೋಜನೆಗೆ ಹೋಗುತ್ತಿದ್ದೇನೆ. ಅಪ್ಲಿಕೇಶನ್ ಪಟ್ಟಿಯಲ್ಲದೆ ಮೊದಲ ದಿನ ಏನನ್ನು ಕೇಳಲಿ?

ತುಂಗಾತೀರ

ಅಧಿಕಾರ ಪ್ರತ್ಯಾಯೋಜನೆಯ ಆದೇಶ ಕೇಳಿ. ಯಾವ ಹುದ್ದೆಯವರು ಎಷ್ಟು ಮೊತ್ತದವರೆಗೆ ಖರೀದಿ ಮಾಡಬಹುದು, ಯಾರು ಬಿಲ್ಲಿನಲ್ಲಿ ರಿಯಾಯಿತಿ ಕೊಡಬಹುದು, ಯಾರ ಸಹಿಯಿಲ್ಲದೆ ರೋಗಿಯನ್ನು ಬಿಡುಗಡೆ ಮಾಡುವಂತಿಲ್ಲ. ಆಮೇಲೆ ಒಂದೇ ಒಂದು ಪ್ರಕರಣ ಹಿಡಿಯಿರಿ, ವಿಮೆ ಇರುವ ರೋಗಿಯ ಬಿಡುಗಡೆ ಒಳ್ಳೆಯ ಆಯ್ಕೆ. ವೈದ್ಯರು ಮನೆಗೆ ಹೋಗಬಹುದೆಂದ ಕ್ಷಣದಿಂದ ರೋಗಿ ಗೇಟು ದಾಟುವವರೆಗೆ ಯಾರು ಯಾರಿಗಾಗಿ ಕಾದರು ಎಂದು ಬರೆಯಿರಿ. ಪ್ರತಿ ಕಾಯುವಿಕೆಯ ಎದುರು ಥಾಂಪ್ಸನ್ ಅವರ ಮೂರರಲ್ಲಿ ಯಾವುದೆಂದು ಗುರುತಿಸಿ. ಔಷಧಾಲಯದ ಲೆಕ್ಕ ಸರಣಿ. ವಿಮಾ ಕಂಪನಿಯ ಪ್ರಶ್ನೆ, ವೈದ್ಯರ ಉತ್ತರ, ಮತ್ತೆ ಪ್ರಶ್ನೆ, ಅದು ಪರಸ್ಪರ.

ಗ್ರಾಮಲೆಕ್ಕ

ಒಂದು ಸೇರಿಸುತ್ತೇನೆ ಮಗಳೇ. ಸಿಸ್ಟಮ್ ಬಂದ ಮೇಲೂ ಯಾರ ಮೇಜಿನ ಮೇಲೆ ಕೈಬರಹದ ಪುಸ್ತಕ ಉಳಿದಿದೆ ಎಂದು ನೋಡಿ. ಅವರು ಹಟಮಾರಿಗಳೆಂದು ಬರೆದುಕೊಳ್ಳಬೇಡಿ. ಎರಡು ವಿಭಾಗಗಳ ನಡುವೆ ಬಿಟ್ಟುಹೋದ ಕೊಂಡಿಯನ್ನು ಅವರು ಪೆನ್ನಿನಿಂದ ಹಿಡಿದಿಟ್ಟಿರುತ್ತಾರೆ. ಆ ಪುಸ್ತಕದ ಕಾಲಂಗಳ ತಲೆಬರಹಗಳನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ಮಾಡಿದ ಮೇಲೆ ಇಲ್ಲಿ ಬರೆಯಿರಿ, ನೋಡೋಣ.